ಹಟ್ಟಿಗೊಂದು ಕಾರ್ಡು

ನಿಶ್ಚಿತಾರ್ಥವಾದ ಮೇಲೆ ನಾವಿಬ್ಬರೂ ಭಾನುವಾರಗಳಂದು ಊಟಿ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಕೂತು ಮದುವೆ ಖರ್ಚಿನ ಲೆಕ್ಕ ಹಾಕುತ್ತಿದ್ದೆವು. ಪ್ರೀತಿಯ ಮಾತಾಡಿದ ನೆನಪಿಲ್ಲ. ಊಟಕ್ಕೆ ಎಷ್ಟು, ಹೂವಿಗೆ ಎಷ್ಟು, ಬರೀ ಇದೇ. ಕರಾರು ಮಾತ್ರ ಮೊದಲ ದಿನವೇ ಆಗಿತ್ತು: ಖರ್ಚು ಸಮಪಾಲು, ಇಬ್ಬರೂ ಸಂಬಳದಲ್ಲಿ ಉಳಿಸಿದಷ್ಟರಲ್ಲೇ ಮದುವೆ, ಎರಡು ಮನೆಯವರೂ ಏನನ್ನೂ ಮಾರಕೂಡದು. ಕೊನೆಯ ಕರಾರು ನನ್ನದು. ಮಸಿನಗುಡಿಯಲ್ಲಿ ನಮ್ಮಪ್ಪನ ಹತ್ತಿರ ಮಾರುವಂಥದ್ದು ಅಂತ ಇದ್ದದ್ದು ಒಂದು ಜೀಪು. ರೆಸಾರ್ಟಿಗೆ ಬಂದವರನ್ನು ಅದರಲ್ಲಿ ಸುತ್ತಾಡಿಸಿಯೇ ನಮ್ಮನ್ನು ಓದಿಸಿದವರು. ಅದು ಹೋದರೆ ಈ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿಗೆ ಡ್ರೈವರ್ ಆಗಬೇಕಿತ್ತು.

ನನ್ನ ಕೈಹಿಡಿಯಲಿದ್ದ ಇವರು ತುಮ್ಮನಟ್ಟಿ ಕಡೆಯವರು, ನೀಲಗಿರಿಯ ಬಡಗರು. ಮನೆಯಲ್ಲಿ ಕ್ಯಾರೆಟ್, ಬೀನ್ಸ್ ಬೆಳೆಯುತ್ತಾರೆ, ಇವರಿಗೆ ಅರವಂಕಾಡಿನ ಕಾರ್ಖಾನೆಯಲ್ಲಿ ಕೆಲಸ. ನಿಮ್ಮ ಕಡೆಗೆ ಎಷ್ಟು ಕಾರ್ಡು ಬೇಕು ಎಂದು ಕೇಳಿದಾಗ, "ಹತ್ತು ಹನ್ನೆರಡು. ಹಟ್ಟಿಗೊಂದು ಸಾಕು" ಅಂದರು.

ಹಟ್ಟಿ ಅಂದರೆ ಅವರ ಮಾತಿನಲ್ಲಿ ಊರು. ಅಷ್ಟು ನನಗೂ ಗೊತ್ತು. ಊರಿಗೊಂದು ಕಾರ್ಡು ಅಂದಮೇಲೆ ಊರಿನ ಪರವಾಗಿ ನಾಲ್ಕು ಜನ ಹಿರಿಯರು ಬಂದು ಹರಸಿ ಹೋಗುತ್ತಾರೆ ಅಂದುಕೊಂಡೆ. ನಮ್ಮಲ್ಲಾದರೆ ಮನೆಮನೆಗೂ ಹೋಗಿ ಕುಂಕುಮ ಇಟ್ಟು ಕಾರ್ಡು ಕೊಡಬೇಕು. ಒಂದು ಮನೆ ಬಿಟ್ಟರೂ ಅವರು ಮದುವೆಗೂ ಬರುವುದಿಲ್ಲ, ಆಮೇಲೆ ಮಾತೂ ಆಡುವುದಿಲ್ಲ. ಎಷ್ಟು ಸರಳವಾದ ಜನ ಅಂತ ಖುಷಿಪಟ್ಟು, ಊಟಿಯಲ್ಲಿ ಒಂದು ಚಿಕ್ಕ ಮಂಡಪಕ್ಕೆ ಅಡ್ವಾನ್ಸ್ ಕಟ್ಟಿಬಿಟ್ಟೆ.

ಅಡುಗೆ ಕಂಟ್ರಾಕ್ಟರು ಎಷ್ಟು ಎಲೆ ಎಂದು ಕೇಳಿದಾಗ ನಾನು "ಮುನ್ನೂರು" ಅಂದೆ. ಅದೇ ಉಸಿರಿಗೆ ಇವರು "ಎರಡು ಸಾವಿರ" ಅಂದರು.

"ಹತ್ತು ಕಾರ್ಡಿಗೆ ಎರಡು ಸಾವಿರ ಜನಾನಾ?"

"ಹಟ್ಟಿಗ ಹೇಳಿಯಾಚಲ್ಲ. ಹಟ್ಟಿ ಅಂದ ಎಲ್ಲಾರೂ ತಾನೆ?"

ಒಂದು ಕಾರ್ಡು ಕೊಟ್ಟು ಊರಿಗೆ ಊರನ್ನೇ ಕರೆದು ಬಂದಿದ್ದರು! ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ಹೇಳುವುದಕ್ಕೆ ಏನಾಗಿತ್ತು ಎಂದು ರಸ್ತೆಯಲ್ಲೇ ಕೂಗಾಡಿದೆ. "ನೀ ಕೇಳಿದೆಯಾ?" ಎಂದು ಇವರೂ ದನಿ ಏರಿಸಿದರು. ಬೇರೆ ಬೇರೆ ಬಸ್ಸು ಹತ್ತಿ ಮನೆಗೆ ಹೋದೆವು.

ಆ ಸಿಟ್ಟಿನಲ್ಲಿ ಮನೆಯಲ್ಲಿ ಎಲ್ಲ ಒದರಿಬಿಟ್ಟೆ. ಅದೇ ತಪ್ಪಾಯಿತು. ಅಪ್ಪ ಊಟ ಮುಗಿಸಿ ಎದ್ದರು. ಆ ವಾರದಲ್ಲೇ ಒಬ್ಬ ಬ್ರೋಕರ್ ಬಂದು ಜೀಪಿನ ಬಾನೆಟ್ ಎತ್ತಿ ನೋಡುತ್ತಿದ್ದ. ನಾನು ಅಲ್ಲೇ ನಿಂತು ಇವರಿಗೆ ಫೋನ್ ಮಾಡಿದೆ.

"ಜೀಪು ಹೋದ್ರೆ ಮದುವೆ ಇಲ್ಲ" ಅಂದೆ. ಹೆದರಿಸಲು ಹೇಳಿದ್ದಲ್ಲ, ನಿಜವಾಗಿಯೂ ಹೇಳಿದ್ದೆ.

ಇವರು "ಭಾನುವಾರ ಹಟ್ಟಿಗ ಬಾ. ಅಪ್ಪನೂ ಬರಲಿ" ಅಂದರು.

ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟರು. ನಮ್ಮ ಪಾಲು ನಾವು ಕೊಟ್ಟೇ ಕೊಡುತ್ತೇವೆ ಎಂದು ಬೀಗರಿಗೆ ಮುಖಕ್ಕೆ ಮುಖ ಹೇಳಬೇಕಂತೆ. ಕಲ್ಲಟ್ಟಿ ಘಾಟನ್ನು ಅದೇ ಜೀಪಿನಲ್ಲಿ ಹತ್ತಿದೆವು.

ಇವರ ತಾಯಿ ಜಗಲಿಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಅಪ್ಪ ಕೂರುವ ಮೊದಲೇ ಮಂಡಪದ ಖರ್ಚಿನ ಅರ್ಧ ನಮ್ಮದು ಎಂದು ಶುರು ಮಾಡಿದರು. ಅವರು ಬಟಾಣಿ ಬಿಟ್ಟು ಮಗನ ಮುಖ ನೋಡಿದರು.

"ಮಂಡಪವಾ? ಏಕ? ಎಂಗ ಮನೆ ಮುಂದ ಜಾಗ ಇಲ್ಲೆಯಾ? ಹಟ್ಟಿಯೆಲ್ಲ ಸೇರಿ ಅಡಿಗೆ ಮಾಡಿನಾರ. ತರಕಾರಿ ತೋಟದಲ್ಲೇ ಇದ್ದರ!"

ಇವರು ತಲೆ ತಗ್ಗಿಸಿ ನಿಂತಿದ್ದರು. ಮಂಡಪ ಅಂದವಳು ನಾನು. ಹಟ್ಟಿಯಲ್ಲಿ ಮದುವೆಯಾಗಲು ನನಗೆ ನಾಚಿಕೆ ಇರಬಹುದು ಎಂದು ಹೆದರಿ ಇವರು ಬಾಯಿ ಬಿಟ್ಟಿರಲಿಲ್ಲ. ಇವರ ಪಾಡು ನೋಡಿ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು.

ಅಪ್ಪನ ಮುಖ ಮಾತ್ರ ಇನ್ನೂ ಬಿಗಿದುಕೊಂಡೇ ಇತ್ತು. "ಏನೂ ಕೊಡದೆ ಮಗಳನ್ನ ಹೆಂಗೆ ಬಿಟ್ಟು ಹೋಗ್ಲಮ್ಮ? ನಾಳೆ ನಾಲ್ಕು ಜನ ಏನಂತಾರೆ?"

ಅತ್ತೆ ಎದ್ದು ಬೇಲಿಯ ಆಚೆ ನಿಂತಿದ್ದ ಜೀಪಿನ ಕಡೆ ನೋಡಿದರು. ಬ್ರೋಕರ್ ವಿಷಯ ಮಗ ಹೇಳಿದ್ದನೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

"ಅಣ್ಣಾ, ಮದುವೆ ದಿನ ಹೆಣ್ಣ ಆ ವಂಡಿಯಲ್ಲೇ ಕೂಟ್ಟಿಗೊಂಡು ಬನ್ನಿ. ಬೇರೆ ಡ್ರೈವರ್ ಬೇಡ, ನೀವೇ ಓಟ್ಟಬೇಕು. ಅದುವೇ ನಿಮ್ಮ ಪಾಲು."

ಅಪ್ಪ ಟೈರಿನ ಗಾಳಿ ನೋಡಿ ಬರುತ್ತೇನೆ ಎಂದು ಎದ್ದು ಹೋದರು. ಟೈರಿಗೆ ಏನೂ ಆಗಿರಲಿಲ್ಲ. ಗಾಡಿಯ ಆಚೆ ಬದಿಗೆ ಹೋಗಿ ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತರು.

ಮಂಡಪದ ಅಡ್ವಾನ್ಸ್ ವಾಪಸ್ ಬರಲಿಲ್ಲ. ಆ ಭಾನುವಾರ ಸಂಜೆ ಮನೆಗೆ ಹೊರಡುವಾಗ ಬ್ರೋಕರ್ ಫೋನ್ ಬಂತು. ಅಪ್ಪ ಸ್ಟೇರಿಂಗ್ ಮೇಲೆ ಕೈಯಿಟ್ಟು, "ಗಾಡಿ ಕೊಡಕ್ಕಾಗಲ್ಲ ಕಣಪ್ಪ" ಅಂದರು. "ಮದುವೆ ಬಾಡಿಗೆ ಒಪ್ಕೊಂಡ್ಬಿಟ್ಟಿದೀನಿ."