ಆನೇಮಹಲಿನ ಡೀಸೆಲ್ ದರ ಮತ್ತು ಕಲೀಮುಲ್ಲಾ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಆನೇಮಹಲಿನ ರಸ್ತೆ ಬದಿಯ ಡೀಸೆಲ್ ಬಂಕಿನಲ್ಲಿ ಕಲೀಮುಲ್ಲಾ ಕೈಪಂಪಿನ ಹಿಡಿ ತಿರುಗಿಸುತ್ತಿದ್ದಾರೆ. ಘಾಟಿ ಹತ್ತಿ ಬಂದ ಲಾರಿ ಮಂಜಿನಲ್ಲಿ ಹೊಗೆಯಾಡುತ್ತಾ ನಿಂತಿದೆ. ಹತ್ತು ಸುತ್ತು ತಿರುಗಿಸುವಷ್ಟರಲ್ಲೇ ಡ್ರೈವರ್ ಸಾಕು ಎನ್ನುತ್ತಾನೆ.

ಲಾರಿ ಹೊರಟ ಮೇಲೆ ಕಲೀಮುಲ್ಲಾ ಬಾಯಿ ಬಿಡುತ್ತಾರೆ. "ನೋಡಿದ್ರಾ? ಕೆಳಗೆ ಮಂಗಳೂರಲ್ಲೇ ಅಗ್ಗಕ್ಕೆ ತುಂಬಿಸ್ಕೊಂಡು ಬಂದವ್ನೆ. ಅಲ್ಲಿನ ದರಕ್ಕೂ ಇಲ್ಲಿನ ದರಕ್ಕೂ ಅಂತರ ಜಾಸ್ತಿ ಆಗೈತೆ. ಇನ್ನೆಂಟು ದಿನಕ್ಕೆ ಲಾರಿ ಬಾಡಿಗೆ ಏರುತ್ತೆ. ಅದರ ಹಿಂದೆ ಉಪ್ಪು, ಉಪ್ಪಿನ ಹಿಂದೆ ಅಕ್ಕಿ."

ಈ ಬೆಟ್ಟದ ಊರುಗಳಿಗೆ ಬರುವ ಉಪ್ಪೂ ಇಲ್ಲಿಂದ ಹೋಗುವ ಕಾಫಿಯೂ ಲಾರಿಯನ್ನೇ ನಂಬಿವೆ. ದಿನಕ್ಕೆ ಮೂವತ್ತು ಲಾರಿ, ಕೊಯ್ಲಿನ ಕಾಲದಲ್ಲಿ ಐವತ್ತು, ಕಲೀಮುಲ್ಲಾರ ಕಣ್ಣ ಮುಂದೆ ಹಾದು ಹೋಗುತ್ತವೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಅದಕ್ಕೂ ಮೊದಲು ಅವರು ಲಾರಿ ಕ್ಲೀನರ್. ಡ್ರೈವರ್ ಆಗುವ ಆಸೆ ಇತ್ತು. ಒಂದು ಚಳಿಯ ಬೆಳಿಗ್ಗೆ ಎಂಜಿನ್ ಶುರು ಮಾಡಲು ಹ್ಯಾಂಡಲ್ ಹೊಡೆಯುವಾಗ ಅದು ಹಿಂದಕ್ಕೆ ಒದ್ದು ಎಡ ಮಣಿಕಟ್ಟು ಮುರಿಯಿತು. ಸೊಟ್ಟಗೆ ಕೂಡಿಕೊಂಡ ಆ ಕೈಗೆ ಸ್ಟಿಯರಿಂಗ್ ಒಲಿಯಲಿಲ್ಲ.

ಕಲೀಮುಲ್ಲಾರ ಲೆಕ್ಕಾಚಾರ ಊರಿಗೆ ತಿಳಿದದ್ದು ಚಂದ್ರಯ್ಯನವರ ಬಾಯಿಂದ. ಲಾರಿ ಬುಕಿಂಗ್ ಆಫೀಸಿನ ಗುಮಾಸ್ತರಾದ ಅವರು ದಿನಾ ಬೆಳಿಗ್ಗೆ ಬಂಕಿನಲ್ಲಿ ಚಹಾ ಕುಡಿದು, "ಹೇಗೈತೆ ಸಾಬ್ರೇ ಈ ವಾರ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಚಂದ್ರಯ್ಯನವರ ಮಾತಾಗಿ ಎಸ್ಟೇಟುಗಳನ್ನು ತಲುಪುತ್ತಿತ್ತು.

ಮೂರು ವರ್ಷದ ಹಿಂದೆ, 1960ನೇ ಇಸವಿಯಲ್ಲಿ, ದರದ ಏರಿಳಿತ ಮುಂಚೆಯೇ ತಿಳಿಸುತ್ತಾರೆಂದು ಕಾಫಿ ಬೆಳೆಗಾರರು ಸಭೆ ಸೇರಿ ಚಂದ್ರಯ್ಯನವರಿಗೆ ಶಾಲು ಹೊದಿಸಿದರು. ಅಂದು ಸಭೆಯ ಜನರೇಟರಿಗೆ ಡೀಸೆಲ್ ಕೊಂಡೊಯ್ದವರು ಕಲೀಮುಲ್ಲಾ. ಚಪ್ಪರದ ಹಿಂದೆ, ಜನರೇಟರಿನ ಗದ್ದಲದ ಪಕ್ಕದಲ್ಲೇ ನಿಂತು, ತಾವು ಹೇಳಿದ್ದ ಮಾತನ್ನೇ ಚಂದ್ರಯ್ಯನವರು ಮೈಕಿನಲ್ಲಿ ಹೇಳುವುದನ್ನು ಕೇಳಿಸಿಕೊಂಡರು. ಲಾರಿ ಟ್ಯಾಂಕು, ಮಂಗಳೂರಿನ ದರ, ಉಪ್ಪು, ಅಕ್ಕಿ, ಒಂದೂ ಬಿಟ್ಟಿರಲಿಲ್ಲ. ಅವರ ಹೆಸರೊಂದೇ ಇರಲಿಲ್ಲ.

"ಹೊಟ್ಟೆ ಒಳಗೆ ಕೆಂಡ ಹಾಕ್ದಂಗಾಯ್ತು," ಎನ್ನುತ್ತಾರೆ. "ಮಾತೂ ನಂದು, ಮೈಕ್ ಓಡಿಸೋ ಡೀಸೆಲ್ಲೂ ನಾನೇ ಹೊತ್ತು ತಂದಿದ್ದು. ಶಾಲು ಮಾತ್ರ ಅವ್ರಿಗೆ. ಮನೇಲಿ ಹೆಂಡ್ತಿ ಮರಿಯಮ್ ಬೀ ಊಟಕ್ಕೆ ಕರೆದ್ರೆ ಅವಳ ಮೇಲೂ ರೇಗ್ಬುಟ್ಟೆ."

ಮುಂದಿನ ವಾರ ಬಂಕಿನ ಮಾಲೀಕರ ಚೀಟಿ ಬಂತು: ಸೋಮವಾರದಿಂದ ಲೀಟರಿಗೆ ನಾಲ್ಕು ನಯಾಪೈಸೆ ಹೆಚ್ಚು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಕಲೀಮುಲ್ಲಾ ಚಂದ್ರಯ್ಯನವರಿಗೆ, "ದರ ಇಳಿಯುತ್ತೆ, ಸೋಮವಾರದ ತನಕ ಕಾಯೋಕೆ ಹೇಳಿ" ಎಂದರು. ಅವರು ನಾಲ್ಕು ಜನರ ಮುಂದೆ ಒಮ್ಮೆ ತಲೆ ತಗ್ಗಿಸಲಿ ಎಂಬುದಷ್ಟೇ ಇವರ ಆಸೆ.

ಚಂದ್ರಯ್ಯನವರಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಬೆಳಗೋಡು ಸಂತೆಯಲ್ಲಿ ಉಪ್ಪು ಮಾರುವ ಚಿನ್ನಮ್ಮನಿಗೆ. ತಿಂಗಳು ಪೂರ್ತಿ ಹಳೇ ಬೆಲೆಗೇ ಉಪ್ಪು ಕೊಡುತ್ತೇನೆಂದು ಆಕೆ ಮೂರು ಎಸ್ಟೇಟಿನ ಲೈನುಮನೆಗಳ ಕೂಲಿಯವರಿಗೆ ಮಾತು ಕೊಟ್ಟಿದ್ದರು. ಚಂದ್ರಯ್ಯನವರ ಮಾತು ನಂಬಿ ಮೂಟೆ ತರಿಸುವುದನ್ನು ತಡೆದರು. ಬಾಡಿಗೆ ಏರಿ ಉಪ್ಪೂ ಏರಿತು. ಕೊಟ್ಟ ಮಾತು ಉಳಿಸಿಕೊಳ್ಳಲು ಹಾಲು ಕೊಡುವ ಎರಡು ಮೇಕೆ ಮಾರಿದರು.

ಒಂದು ದಿನ ಬಸ್ಸಿಗೆ ಕಾಯುತ್ತಾ ಬಂಕಿನ ಕಟ್ಟೆಯ ಮೇಲೆ ಕೂತು ಆಕೆಯೇ ಇದನ್ನೆಲ್ಲ ಹೇಳಿಕೊಂಡರು. "ಚಂದ್ರಯ್ಯನೋರು ಪಾಪ ಏನ್ಮಾಡ್ತಾರೆ, ದರ ಅವ್ರ ಕೈಲೈತಾ?"

ಆ ಮಾತಿನಲ್ಲೂ ಚಂದ್ರಯ್ಯನವರ ಮೇಲೆ ಮರುಕವಿದ್ದದ್ದು ಕಲೀಮುಲ್ಲಾರಿಗೆ ಚುಚ್ಚಿತು. ಆದರೂ ಬಚ್ಚಿಡಲಾಗಲಿಲ್ಲ. "ಸುಳ್ಳು ಹೇಳಿದ್ದು ನಾನು ಕಣಕ್ಕ. ಅವ್ರ ಮೇಲಿನ ಹೊಟ್ಟೆಕಿಚ್ಚಿಗೆ."

ಚಿನ್ನಮ್ಮ ಕೂತಲ್ಲೇ ಇವರತ್ತ ತಿರುಗಿದರು. "ಅವ್ರಿಗೆ ಹೊಡೆಯೋಕೆ ನನ್ನ ಮೇಕೇನೇ ಬೇಕಿತ್ತಾ ಸಾಬ್ರೇ?" ಎಂದರು. ಬಸ್ಸು ಬಂದಾಗ ಎದ್ದು ನಿಂತು, "ಯಾರ ಕಿವಿಗೂ ಹೇಳ್ಬೇಡಿ ಇನ್ಮೇಲೆ. ಬರೆದು ರಸ್ತೆಗೆ ಕಾಣೋ ಹಂಗೆ ಹಾಕಿ," ಎಂದು ಹತ್ತಿಕೊಂಡರು.

ಮರುದಿನ ಕಲೀಮುಲ್ಲಾ ತಮ್ಮ ಮನೆಯ ಹಾಲಿನ ಮೇಕೆಯನ್ನು ಬೆಳಗೋಡಿಗೆ ಹೊಡೆದುಕೊಂಡು ಹೋಗಿ ಚಿನ್ನಮ್ಮನ ಅಂಗಳದಲ್ಲಿ ಕಟ್ಟಿದರು. ಮರಿಯಮ್ ಬೀ ಮೂರು ದಿನ ಮಾತು ಬಿಟ್ಟರು.

ಅಂದಿನಿಂದ ಬಂಕಿನ ಮುಂದೆ ಕರಿ ಹಲಗೆಯೊಂದು ನಿಂತಿದೆ. ಮೇಲೆ ಮಂಗಳೂರಿನ ದರ, ಕೆಳಗೆ ಆನೇಮಹಲಿನದು. ಓದು ಬಾರದವರಿಗಾಗಿ ಪಕ್ಕದಲ್ಲಿ ಒಂದು ಬಾಣದ ಗುರುತು, ಏರಿದರೆ ಮೇಲಕ್ಕೆ, ಇಳಿದರೆ ಕೆಳಕ್ಕೆ. ಯಸಳೂರಿನ ಬಸ್ಸು ಹಾಯುವಾಗ ಜನ ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಾರೆ. ಚಿನ್ನಮ್ಮ ಈಗ ಯಾರನ್ನೂ ಕೇಳದೆ ಮೂಟೆ ತರಿಸುತ್ತಾರೆ.

ಚಂದ್ರಯ್ಯನವರು ಈಗಲೂ ಬೆಳಿಗ್ಗೆ ಬರುತ್ತಾರೆ. ಹಲಗೆ ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋಗುತ್ತಾರೆ. ಎಸ್ಟೇಟುಗಳಲ್ಲಿ ಈಗಲೂ ಅವರದೇ ಹೆಸರು. ಸಂಕಟ ಹೋಯಿತೇ ಎಂದು ಕೇಳಿದರೆ ಕಲೀಮುಲ್ಲಾ ಸುಳ್ಳು ಹೇಳುವುದಿಲ್ಲ.

"ಎಲ್ಲೋಗುತ್ತೆ ಮಾರಾಯ್ರೇ, ಐತೆ. ಆದ್ರೆ ನಾನು ಬರೆದಿದ್ದು ಒಂದಿನವೂ ತಪ್ಪಿಲ್ಲ. ದರ ನೋಡ್ಕೊಂಡು ಹೋಗ್ಲಿ, ಬ್ಯಾಡ ಅನ್ನಲ್ಲ. ಹೋಗೋವಾಗ ಒಂದ್ಸಾರಿ ತಿರುಗಿ ನನ್ನ ಮುಖಾನೂ ನೋಡ್ಲಿ. ಅಷ್ಟು ಸಾಕು."