ಬಾವು ಬಾರದ ಕಾಲು

ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಸವಣೂರಿನ ನಮ್ಮ ಓಣಿಯಲ್ಲಿ ನಾರುಹುಣ್ಣಿನ ಹುಳ ತೆಗೆಸಿಕೊಳ್ಳಲು ಕಲಿತವರೂ ನನ್ನ ಬಳಿಯೇ ಬರುತ್ತಿದ್ದರು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಲ್ಲಿ ವರ್ಷದ ಮೇಲೆ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಕಾಲು ಬಾತು ಕುಂಬಳಕಾಯಿ ಆಗುತ್ತದೆ.

ಎಂಬತ್ತರ ದಶಕದ ಕೊನೆಗೆ ನನ್ನ ಅಳಿಯನಿಗೇ ನಾರು ಬಂತು. ಅವನು ವೀಳ್ಯದೆಲೆಯ ಲಾರಿ ಹೊಡೆಯುತ್ತ ಮುಂಬಯಿಗೆ ಹೋಗಿ ಬರುತ್ತಿದ್ದವನು. ಮಗಳು ಆಗ ಬಸುರಿ. ಎಳೆಯುವಾಗ ಹುಳ ನಡುವೆಯೇ ಹರಿಯಿತು. ಎರಡು ದಿನ ಕಾದೆ. ಕಾಲು ಕೆಂಪಾಗಲಿಲ್ಲ, ಬಾವೂ ಬರಲಿಲ್ಲ.

"ನಿನ್ನ ರಕ್ತ ಭಾಳ ಸಮಾಧಾನಿ ಐತಿ ನೋಡಪಾ, ಯಾರ ಕೂಡಾನೂ ಜಗಳಿಲ್ಲ," ಎಂದೆ.

"ನಿಮ್ಮ ಮಗಳಿಗೆ ಹೇಳ್ರಿ ಅದನ್ನ," ಎಂದು ನಕ್ಕ.

ನನ್ನ ಕೈಗುಣ ಎಂದು ಓಣಿ ತುಂಬ ಹೇಳಿಕೊಂಡು ಬಂದೆ. ಹುಳ ಬಂದ ತೂತು ಮಾತ್ರ ಮುಚ್ಚಲೇ ಇಲ್ಲ. ಆಮೇಲೆ ಜ್ವರ, ಭೇದಿ. ಹುಬ್ಬಳ್ಳಿಗೆ ಕರೆದೊಯ್ದೆವು, ರಕ್ತವನ್ನು ದೂರದ ಊರಿಗೆ ಕಳಿಸಿ, ಎಚ್ಐವಿ ಎಂಬ ರೋಗಾಣು ಇದೆ ಎಂದರು. ಬಾವು ಬಾರದ ಕಾಲಿನ ಸಂಗತಿಯನ್ನು ಅಲ್ಲಿನ ಡಾಕ್ಟರಮ್ಮನಿಗೂ ಹೆಮ್ಮೆಯಿಂದಲೇ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಕಳ್ಳ ಹೊಕ್ಕಾಗ ಓಣಿ ಮಂದಿ ಬಡಿಗಿ ಹಿಡಕೊಂಡು ಓಡಿ ಬರ್ತಾರಲ್ರಿ ಅವ್ವಾರ, ಬಾವು ಅಂದ್ರ ಅದಾ. ಇವರ ಮೈಯಾಗ ಓಡಿ ಬರಾಕ ಮಂದೀನ ಉಳಿದಿಲ್ಲ."

ಕೂಸು ಹುಟ್ಟಿ ನಲವತ್ತು ದಿನಕ್ಕೆ ಅಳಿಯ ತೀರಿಕೊಂಡ. ಮಗಳ ರಕ್ತದಲ್ಲೂ ಅದೇ ಇತ್ತು. ಕೂಸಿನದು ಈಗಲೇ ತಿಳಿಯದು, ತಾಯಿಯ ರಕ್ತದ ಗುರುತು ಅದರಲ್ಲಿ ಉಳಿದಿರುತ್ತದೆ, ಒಂದೂವರೆ ವರ್ಷ ಕಾಯಿರಿ ಎಂದರು. ಮಗಳು ಕೂಸನ್ನು ನನ್ನ ಮಡಿಲಿಗೆ ಹಾಕಿ ಎದ್ದು ಬೇರೆ ಕೋಣೆ ಹಿಡಿದಳು. ಆಡಿನ ಹಾಲು ಕುಡಿಸಿ ನಾನೇ ಬೆಳೆಸಿದೆ.

ಎಂಥ ಮೊಮ್ಮಗಳು ಅಂತೀರಿ! ಲಸಿಕೆಯ ಸೂಜಿ ಹಾಕಿಸಿದ ತೋಳಿನಲ್ಲಿ ಹುಣ್ಣೆದ್ದು ಕೀವಾಯಿತು. ಇಂಥದ್ದಕ್ಕೆ ಬೇರೆ ತಾಯಂದಿರು ಅಳುತ್ತಿದ್ದರು. ನಾನು ಆ ತೋಳನ್ನು ಮನೆಮನೆಗೆ ಒಯ್ದು, ಇವಳ ಮೈಯಲ್ಲಿ ಓಡಿ ಬರುವ ಮಂದಿ ಇದ್ದಾರೆ ಎಂದು ತೋರಿಸಿದೆ. ಇನ್ನೊಂದು ಸೂಜಿಗೆ ಮೈ ಸುಟ್ಟು ಜ್ವರ ಬಂದಾಗ ಸಕ್ಕರೆ ಹಂಚಿದೆ.

"ಕೂಸಿಗೆ ಜ್ವರ ಬಂದ್ರ ಸಕ್ಕರಿ ಹಂಚತಿಯಲ್ಲಬೇ, ಹುಚ್ಚಿ ಏನು ನೀ?" ಎಂದು ಮಗಳು ಬಾಗಿಲಾಚೆಯಿಂದಲೇ ಬೈದಳು. ಡಾಕ್ಟರಮ್ಮನೂ ಇದರಿಂದ ಏನೂ ಗೊತ್ತಾಗುವುದಿಲ್ಲ, ರಕ್ತವೇ ಹೇಳಬೇಕು ಎಂದಳು. ಆ ಮಾತನ್ನು ನನ್ನ ಸಂತೋಷ ಕೇಳಬೇಕಲ್ಲ.

ಒಂದೂವರೆ ವರ್ಷ ತುಂಬಿತು. ರಕ್ತ ಕೊಟ್ಟು, ವಾರಗಟ್ಟಲೆ ಕಾದು, ಮತ್ತೆ ಹುಬ್ಬಳ್ಳಿಗೆ ಹೋದೆವು. ಕೂಸಿನಲ್ಲಿ ರೋಗವಿಲ್ಲ. ನಾನು ಆಸ್ಪತ್ರೆಯ ಪಡಸಾಲೆಯಲ್ಲೇ ಸೆರಗು ಬಿಗಿದು ಕುಣಿದುಬಿಟ್ಟೆ. ಗುರುತಿಲ್ಲದ ರೋಗಿಗಳೂ ನಕ್ಕರು.

ಒಣಗಿ ಕಡ್ಡಿಯಾಗಿದ್ದ ಮಗಳು ಮಾತ್ರ ನಿಂತಲ್ಲೇ ನಿಂತು ಕೇಳಿದಳು: "ಹಂಗಾರ ಇನ್ನ ನಾ ಆಕಿಗೆ ಒಂದು ಮುತ್ತು ಕೊಡಬಹುದ್ರಿ?"

ಡಾಕ್ಟರಮ್ಮ ಹೇಳಿದಳು. "ಮೊದಲಿಂದಾನೂ ಕೊಡಬಹುದಿತ್ತಲ್ಲವಾ. ಮುತ್ತಿನಿಂದ ಅದು ಬರೂದಿಲ್ಲ. ನಿಮಗ ಯಾರೂ ಹೇಳಲಿಲ್ಲೇನು?"

ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಮಗಳು ಬಗ್ಗಿ ಕೂಸಿನ ಕೆನ್ನೆಗೆ ತುಟಿ ಒತ್ತಿದಳು. ರೂಢಿಯಿಲ್ಲದ ಕೂಸು ಕೆನ್ನೆ ಒರೆಸಿಕೊಂಡು, ಅಳುತ್ತ ನನ್ನ ಕಡೆ ಕೈ ಚಾಚಿತು.