ತಣ್ಣಗಿನ ಬೋರ್ಡು, ಅಣ್ಣನ ಕಿವಿ

ನಮ್ಮ ಮನೆತನದಲ್ಲಿ ಮಾತು ಮುಗಿಯುವ ಮೊದಲೇ ಕೈ ಏಳುತ್ತಿತ್ತು. ಅಪ್ಪ ಅಣ್ಣನನ್ನು ಬಡಿಯುತ್ತಿದ್ದ, ಅಣ್ಣ ನನ್ನನ್ನು ಬಡಿಯುತ್ತಿದ್ದ; ನನಗಿಂತ ಚಿಕ್ಕವರು ಯಾರೂ ಇಲ್ಲದ್ದರಿಂದ ನಾನು ಕೆಟ್ಟ ರೇಡಿಯೊಗಳನ್ನು ಬಡಿಯುತ್ತಾ ಬೆಳೆದೆ. ಎಂಬತ್ತರ ದಶಕದ ಕೊನೆಯಲ್ಲಿ ಅಫಜಲಪುರದಲ್ಲಿ ನಾವಿಬ್ಬರೂ ನಡೆಸುತ್ತಿದ್ದ ರಿಪೇರಿ ಅಂಗಡಿಯಲ್ಲಿ ಮುರಿದ ಸ್ಟೂಲು, ಹರಿದ ಅಂಗಿ, ಒಡೆದ ತುಟಿ ಹೊಸದೇನಲ್ಲ. ಆದರೂ ಮನೆಗೆ ಹಾಡಿನ ಸೆಟ್ಟು ಬೇಕೆಂದವರು ನಮ್ಮಲ್ಲಿಗೇ ಬರುತ್ತಿದ್ದರು. ಕಾರಣ ಅಣ್ಣನ ಕಿವಿ. ಸೆಟ್ಟಿಗೆ ಬೆನ್ನು ಮಾಡಿ ಕೂತು, ಯಾವ ಬೋರ್ಡಿನಲ್ಲಿ ಏನು ಕೊರತೆ ಎಂದು ಹೇಳಿಬಿಡುತ್ತಿದ್ದ. ಆ ಕಿವಿಯಿಂದಲೇ ನಮ್ಮಿಬ್ಬರ ಅನ್ನ ಹುಟ್ಟುತ್ತಿತ್ತು.

ಅತನೂರಿನ ಮಾಸ್ತರರೊಬ್ಬರು ಬಂದು, "ಕರೆಂಟ್ ಹೋದ್ರೂ ಬ್ಯಾಟ್ರಿ ಮ್ಯಾಲ ಎರಡು ತಾಸು ಹಾಡಬೇಕ್ರಿ, ಮನ್ಯಾಗ ವಚನ ಕೇಳೋರಿದ್ದೀವಿ" ಎಂದರು. ಅಣ್ಣ ಕಟ್ಟುತ್ತಿದ್ದ ಹಳೆಯ ಆಂಪ್ಲಿಫೈಯರ್ ಬೋರ್ಡು ಇಂಪಾಗಿಯೇ ಹಾಡುತ್ತಿತ್ತು, ಆದರೆ ರೊಟ್ಟಿ ಸುಡುವಷ್ಟು ಕಾದು ಬ್ಯಾಟರಿಯನ್ನು ಕುಡಿದುಬಿಡುತ್ತಿತ್ತು. ನಾನು ಸೊಲ್ಲಾಪುರದಿಂದ ಹೊಸ ಬಗೆಯ ಬೋರ್ಡು ತಂದೆ. ಬೆರಳಿಟ್ಟರೆ ತಣ್ಣಗೆ, ಅದೇ ಬ್ಯಾಟರಿಯಲ್ಲಿ ದುಪ್ಪಟ್ಟು ಹೊತ್ತು. ಅಣ್ಣನಿಗೆ ತಿಳಿಯದ್ದು ನನಗೆ ತಿಳಿದಿದೆ ಎಂದು ಮೊದಲ ಸಲ ಮೀಸೆ ತಿರುವಿದೆ.

ಎರಡು ಬೋರ್ಡು ಹೋಲಿಸಲು ನಮ್ಮದೇ ಒಂದು ಪದ್ಧತಿ ಇತ್ತು. ಜೋರಾಗಿ ಹಾಡುವುದೇ ಕಿವಿಗೆ ಚೆಂದ ಅನಿಸಿ ಮೋಸವಾಗುತ್ತದೆ, ಆದ್ದರಿಂದ ಮೊದಲು ಎರಡರ ಜೋರನ್ನೂ ಸರಿಸಮ ಮಾಡಬೇಕು. ಮೀಟರ್ ನಮ್ಮಲ್ಲೆಲ್ಲಿತ್ತು? ಸ್ಪೀಕರನ್ನು ಅಂಗಾತ ಮಲಗಿಸಿ, ಅದರ ಅದುರುವ ಕಾಗದದ ಬಟ್ಟಲಿನಲ್ಲಿ ನಾಲ್ಕು ಜೋಳದ ಕಾಳು ಹಾಕಿ, ಎರಡೂ ಬೋರ್ಡಿಗೆ ಕಾಳು ಒಂದೇ ಎತ್ತರ ಕುಣಿಯುವಂತೆ ಗುಂಡಿ ತಿರುವುತ್ತಿದ್ದೆವು. ಆಮೇಲೆ ಕಾಳು ತೆಗೆದು, ಅಣ್ಣ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂರುತ್ತಿದ್ದ.

"ಎರಡನೇದ್ರಾಗ ಮರಳ ಅದ. ಹಾಡು ಸಣ್ಣಗಾದಾಗ ದನಿ ಅರಿವಿ ಹರಿದಂಗ ಹರಿತದ" ಎಂದ. ಅಂದು ಎರಡನೆಯದಾಗಿ ಹಾಕಿದ್ದು ನನ್ನ ಹೊಸ ಬೋರ್ಡು. ಮತ್ತೆ ಹಾಕಿದೆ, ಮತ್ತೆ ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು. ಮೂರನೇ ಸಲ ನನ್ನ ಬೋರ್ಡಿನ ಗುಂಡಿಯನ್ನು ಕೂದಲೆಳೆಯಷ್ಟು ಏರಿಸಿದೆ. ಅಣ್ಣ ತಲೆ ಓರೆ ಮಾಡಿದ. ಟವೆಲ್ ಕಿತ್ತು, ಒಂದು ಹಿಡಿ ಕಾಳು ಸ್ಪೀಕರಿಗೆ ಎಸೆದ. ಅವು ಮೊದಲಿಗಿಂತ ಎತ್ತರ ಕುಣಿದವು.

"ನನ್ನ ಕಣ್ಣಿಗೇ ಮಣ್ಣ ಎರಚ್ತಿ ಏನಲೇ, ಹಲ್ಕಟ್!"

ಮೊದಲ ಏಟು ಅವನದು. ನನ್ನ ಮೂಗಿನಿಂದ ಬಳಬಳನೆ ರಕ್ತ ಬಂತು. ಎರಡನೆಯದಕ್ಕೆ ಹಲ್ಲು ಅಲುಗಿತು. ಕುತ್ತಿಗೆ ಹಿಡಿದು ಗೋಡೆಗೆ ಜಜ್ಜಿದ. ನಾನು ಹೊಟ್ಟೆಗೆ ಒದ್ದೆ, ಕೂದಲು ಕಿತ್ತೆ, ಭುಜ ಕಚ್ಚಿದೆ. ಮೇಜು ಮಗುಚಿತು, ಕಾದ ಬೆಸುಗೆ ಕಡ್ಡಿ ತಗುಲಿ ಅವನ ಮುಂಗೈ ಚುರ್ರೆಂದಿತು. ಹಿಡಿತ ಸಡಿಲಾದ ಆ ಗಳಿಗೆಯಲ್ಲಿ ಅಂಗೈ ಪೂರ್ತಿ ಅಗಲಿಸಿ ಅವನ ಬಲಕಿವಿಗೆ ಬಾರಿಸಿದೆ. ಎಲ್ಲಿಗೆ ಹೊಡೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ. ಇದನ್ನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ.

ಅಣ್ಣ ಕುಸಿದು ಕೂತ. ಕಿವಿಯಿಂದ ರಕ್ತ ಗೆರೆಯಾಗಿ ಕುತ್ತಿಗೆಗೆ ಇಳಿಯಿತು. ಗುಲಬರ್ಗಾದ ಡಾಕ್ಟರು, ಕಿವಿಯೊಳಗಿನ ಪರದೆ ಹರಿದಿದೆ, ತಾನಾಗಿ ಕೂಡಿದರೂ ಕೂಡಬಹುದು ಎಂದರು. "ಮೇಜಿನ ಮ್ಯಾಲ ಬಿದ್ದೀನ್ರಿ" ಎಂದು ಅಣ್ಣ ಅವರಿಗೆ ಸುಳ್ಳು ಹೇಳಿದ. ತಿಂಗಳ ನಂತರ "ಏನೂ ಆಗಿಲ್ಲ, ನೆಟ್ಟಗಾಗ್ಯಾದ" ಎಂದು ಅಂಗಡಿಗೆ ಬಂದ. ನಾನು ನಂಬಿದೆ. ನಂಬುವುದೇ ನನಗೆ ಹಿತವಾಗಿತ್ತು.

ಆ ತಿಂಗಳೆಲ್ಲ ಒಬ್ಬನೇ ಕೂತು ಮರಳಿನ ಮೂಲ ಹುಡುಕಿದ್ದೆ. ಬೋರ್ಡು ಮಾಡಿದವರು ಬ್ಯಾಟರಿ ಉಳಿಸಲೆಂದು, ಹಾಡಿಲ್ಲದಾಗ ಬೋರ್ಡಿನಲ್ಲಿ ಹರಿಯುವ ಕರೆಂಟನ್ನು ತೀರ ಕಡಿಮೆ ಇಟ್ಟಿದ್ದರು. ಪುಟ್ಟ ಸ್ಕ್ರೂ ಒಂದನ್ನು ತುಸು ತಿರುಗಿಸಿದೆ. ಬೋರ್ಡು ಉಗುರುಬೆಚ್ಚಗಾಯಿತು, ಸಣ್ಣ ದನಿಯೂ ಹರಕಾಗದೆ ಬಂತು. ಅಣ್ಣ ಹೇಳಿದ್ದು ಖರೆ ಇತ್ತು.

ಆ ಬೋರ್ಡನ್ನೇ ಹಾಕಿದ ಸೆಟ್ಟನ್ನು ಮಾಸ್ತರರ ಪಡಸಾಲೆಯಲ್ಲಿ ಕೂಡಿಸಿದೆವು, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಡಬ್ಬಿ. ಅಣ್ಣ ನಟ್ಟನಡುವೆ ಕೂತ. ವಚನ ಶುರುವಾಯಿತು, ಮನೆಯವರೆಲ್ಲ ತಲೆದೂಗಿದರು. ಅಣ್ಣ ನನ್ನ ಕಡೆ ತಿರುಗಿ ಗದರಿದ:

"ಬಲಕಿನ ಡಬ್ಬಿ ಯಾಕ ಹಾಡವಲ್ದು? ಅದಕ್ಕೂ ಹಚ್ಚಲೇ."

ಎರಡೂ ಹಾಡುತ್ತಿದ್ದವು. ಮಾಸ್ತರರು ನನ್ನ ಮುಖ ನೋಡಿದರು. "ವೈರ್ ಸಡಲಾಗ್ಯಾದ ಅಣ್ಣಾ" ಎಂದು ಆ ಡಬ್ಬಿಯ ಹಿಂದೆ ಹೋಗಿ ಮಂಡಿಯೂರಿದೆ. ಬಿಗಿಯಾಗಿಯೇ ಇದ್ದ ವೈರನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ಈಗ ಬಂತಾ ಅಣ್ಣಾ?"

"ಇನ್ನಾ ಇಲ್ಲಲೇ" ಎಂದ.